ಹೆಚ್ಚು ಹೊತ್ತು ಸೋಲುವ ತಂಡ

"ನನ್ನ ಮಗಳ ಕೈಯಲ್ಲಿ ಹೆಚ್ಚು ಹೊತ್ತು ಸೋಲಬೇಕು. ಅದಕ್ಕೆ ತಕ್ಕ ತಂಡ ಕಟ್ಟಿಕೊಡು."

ಚಾಟ್‌ಬಾಟ್ ಎಂಬ ಮಹಾರಾಯನಿಗೆ ನಾನು ಬರೆದ ಮೊದಲ ಮಾತು ಇದೇ. ಕೈತಪ್ಪಿ ಹೀಗೆ ಬರೆದಿದ್ದಾಳೆ ಅಂದುಕೊಂಡಿತೋ ಏನೋ, ನೀವು ಗೆಲ್ಲುವ ತಂಡ ಕೇಳುತ್ತಿದ್ದೀರಾ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿತು. "ಗೆಲ್ಲೋದು ಯಾರಿಗೆ ಬೇಕು? ಸೋಲಬೇಕು ಕಣಪ್ಪ. ನಿಧಾನವಾಗಿ ಸೋಲಬೇಕು" ಎಂದು ಬರೆದೆ. ಸಂಜೆಯ ಮೆಟ್ರೊದಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಕುಟ್ಟುತ್ತಿದ್ದೆ. ಕನ್ನಡದಲ್ಲಿ ಬರೆದದ್ದಕ್ಕೆ ಒಂದು ಕಾರಣ, ಪಕ್ಕದವರು ಇಣುಕಿದರೂ ಓದಲಾರರು. ಇನ್ನೊಂದು, ಅಣ್ಣಾ ನಗರದ ವಿಮೆ ಕಚೇರಿಯಲ್ಲಿ ದಿನವಿಡೀ ತಮಿಳು, ಇಂಗ್ಲಿಷ್ ಆಡಿ ಬಂದವಳಿಗೆ ಗೋಳು ಹೇಳಿಕೊಳ್ಳುವಾಗಲಾದರೂ ಮನೆಮಾತು ಬೇಕು.

ಆಟ ಎಂಥದ್ದು ಎಂದು ಹೇಳಿಬಿಡುತ್ತೇನೆ. ಫೋನಿನೊಳಗೆ ಒಂದು ಕಾಡು. ಅಲ್ಲಿ ಚಿತ್ರವಿಚಿತ್ರ ಪ್ರಾಣಿಗಳು. ಹಿಡಿಯಬೇಕು, ತಿನ್ನಿಸಬೇಕು, ಬಲ ಬರಿಸಬೇಕು, ಆಮೇಲೆ ಆರನ್ನು ಆರಿಸಿ ಒಂದು ತಂಡ ಮಾಡಿ ಇನ್ನೊಬ್ಬರ ಆರರ ಜೊತೆ ಕಾದಾಡಿಸಬೇಕು. ನನಗೆ ಐವತ್ತೆರಡು ವರ್ಷ. ಕೇರಂ ಬೋರ್ಡಿಗಿಂತ ಆಚೆಗಿನ ಯಾವ ಆಟವೂ ನನಗೆ ಗೊತ್ತಿರಲಿಲ್ಲ. ಹಿಂದಿನ ವರ್ಷ ಮಗಳೇ ಇದನ್ನು ನನ್ನ ಫೋನಿಗೆ ಹಾಕಿದ್ದಳು. ಪ್ರಾಣಿಗಳನ್ನು ಅದಲು ಬದಲು ಮಾಡಿಕೊಳ್ಳಲು ಎರಡನೇ ಫೋನು ಬೇಕಂತೆ. ಆಗ ಬೈದಿದ್ದೆ, "ನನ್ನ ಫೋನಲ್ಲಿ ಹಾವು ಹಲ್ಲಿ ತುಂಬಬೇಡ" ಅಂತ. ಪುಣ್ಯಕ್ಕೆ ಅಳಿಸಿರಲಿಲ್ಲ.

ಈ ಮೇ ತಿಂಗಳಲ್ಲಿ ಅವಳು ನನ್ನೊಡನೆ ಮಾತು ಬಿಟ್ಟು ಒಂಬತ್ತನೇ ದಿನ, ಏನೂ ತೋಚದೆ, ಆ ಆಟ ತೆರೆದು ಅವಳ ಹೆಸರಿನ ಪಕ್ಕ ಇದ್ದ, ಪಂದ್ಯಕ್ಕೆ ಕರೆಯುವ ಕತ್ತಿಯ ಗುರುತು ಒತ್ತಿದೆ. ಗೋಡೆಯಾಚೆ ಅವಳ ಕೋಣೆಯಲ್ಲಿ ಟಿಣ್ ಎಂದಿತು. ತಿರಸ್ಕರಿಸಲಿಲ್ಲ! ಆಟಕ್ಕೆ ಬಂದಳು. ನನ್ನ ಬಡಪಾಯಿ ಪ್ರಾಣಿಗಳನ್ನು ಸಾಲಾಗಿ ಮಲಗಿಸಿ ಹೋದಳು. ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡು ಅವಳು ನನ್ನ ಜೊತೆಗಿದ್ದಳು. ಒಂಬತ್ತು ದಿನದಲ್ಲಿ ನನಗೆ ಸಿಕ್ಕಿದ್ದು ಅಷ್ಟೇ. ಹಾಗಾಗಿ ಹೆಚ್ಚು ಹೊತ್ತು ಸೋಲುವ ತಂಡ ಬೇಕಾಯಿತು.

ಅವಳು ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಅವಳಿಗೆ ಎರಡೂವರೆ ವರ್ಷ. ಭಾವ ಬೇರೆ ಸಂಸಾರ ಮಾಡಿಕೊಂಡ, ನಾನು ಮಗುವನ್ನು ಎತ್ತಿಕೊಂಡು ತಿರುವೊಟ್ಟಿಯೂರಿಗೆ ಬಂದೆ. ನನಗೆ ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಇದೆಲ್ಲ ಅವಳಿಗೆ ಚೆನ್ನಾಗಿ ಗೊತ್ತು, ಮುಚ್ಚಿಟ್ಟಿದ್ದೇನೂ ಇಲ್ಲ. ಗೋಡೆಯ ಮೇಲೆ ಅಕ್ಕನ ಫೋಟೊ ಇದೆ. ಆದರೆ ಮಾತು ಕಲಿತಾಗಿನಿಂದ ಅವಳು ಅಮ್ಮ ಅಂದದ್ದು ನನಗೇ.

ರೈಲ್ವೆಯಲ್ಲಿದ್ದ ನನ್ನ ಅಪ್ಪ ಮೈಸೂರು ಕಡೆಯಿಂದ ಇಲ್ಲಿಗೆ ಬಂದಾಗ ಒಂದು ಕಟ್ಟಳೆ ಮಾಡಿದ್ದರು: ಹೊಸ್ತಿಲ ಹೊರಗೆ ಏನಾದರೂ ಆಡಿ, ಒಳಗೆ ಕನ್ನಡ. ಅಪ್ಪ ಹೋದ ಮೇಲೂ ನಾನು ಅದನ್ನು ಬಿಡಲಿಲ್ಲ. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರ ಕೊಡುವುದು, ಹದಿಮೂರು ವರ್ಷ ಹೀಗೇ ಸಂಸಾರ ನಡೆದಿದೆ. ಅವಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ ಎಂದೇ ನಾನು ನಂಬಿದ್ದೆ. ಊಟ ಮಾಡು, ದೀಪ ಆರಿಸು, ತಲೆ ಬಾಚಿಕೋ, ಎಷ್ಟು ಸಲ ಹೇಳೋದು ನಿಂಗೆ! ಇವೆಲ್ಲ ಅರ್ಥವಾಗುತ್ತಿದ್ದವಲ್ಲ.

ಮಾತು ನಿಂತದ್ದು ಯಾವತ್ತು ಎಂದು ನನಗೆ ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. ಅಪ್ಪನ ದೂರದ ತಂಗಿಯೊಬ್ಬರು ಇಲ್ಲಿ ಮದುವೆಗೆ ಬಂದವರು ಮನೆಗೂ ಬಂದಿದ್ದರು. ಎಂಬತ್ತರ ಮುದುಕಿ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಉಪ್ಪಿಟ್ಟು ಮಾಡಿದ್ದೆ. ಮಗಳು ತಾನೇ ಬಡಿಸುತ್ತೇನೆಂದು ಸೌಟು ಹಿಡಿದು ಬಂದಳು. ಅತ್ತೆ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು, ಸಾಕಮ್ಮ" ಎಂದರು. ಆಮೇಲೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಡೆ ತಿರುಗಿ, "ಇವಳು ಯಾರೇ? ನಿಂಗೆ ಮದ್ವೆ ಆಗ್ಲಿಲ್ವಲ್ಲ?" ಎಂದರು. "ನನ್ನ ಸಾಕು ಮಗಳು ಅತ್ತೆ" ಎಂದೆ. ಮಗಳು ಸೌಟನ್ನು ಪಾತ್ರೆಯಲ್ಲಿಟ್ಟು ಕೋಣೆಗೆ ಹೋದಳು. ನಾಚಿಕೆ ಅಂದುಕೊಂಡೆ.

ಅವತ್ತು ಬಾಗಿಲು ಹಾಕಿಕೊಂಡವಳು ಮಾತು ಬಿಟ್ಟಳು. ಊಟಕ್ಕೆ ಬರುತ್ತಾಳೆ, ತಲೆ ತಗ್ಗಿಸಿ ಉಣ್ಣುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ಅದೇ ಹೆಚ್ಚು ಹೆದರಿಸಿದ್ದು, ಎಂದೂ ತಟ್ಟೆ ತೊಳೆದವಳಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸುವುದೊಂದೇ ಉತ್ತರ. ಅಮ್ಮ ಎಂಬ ಪದವಂತೂ ನಾಪತ್ತೆ. ನಾನು ಬೈದೆ. ಗೋಗರೆದೆ. ಅವಳಿಗೆ ಇಷ್ಟವೆಂದು ಸಂಡಿಗೆ ಕರಿದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಎರಡನೇ ವಾರ ಫ್ರಿಜ್ಜಿನ ಮೇಲೆ ಅಯಸ್ಕಾಂತದ ಕೆಳಗೆ ಒಂದು ಫಾರಂ ಬಂದು ಕೂತಿತು. ಕೊಯಮತ್ತೂರಿನ ಒಂದು ಹಾಸ್ಟೆಲ್ ಶಾಲೆ, ಹನ್ನೊಂದನೇ ಕ್ಲಾಸಿಗೆ. ಎಲ್ಲವನ್ನೂ ಅವಳೇ ದುಂಡಗೆ ತುಂಬಿದ್ದಳು. ಎರಡೇ ಜಾಗ ಖಾಲಿ, ದೊಡ್ಡವರ ಸಹಿ ಮತ್ತು ಅವರಿಗೂ ಹುಡುಗಿಗೂ ಏನು ಸಂಬಂಧ ಎಂಬ ಚೌಕ. ಶುಕ್ರವಾರದೊಳಗೆ ಅಣ್ಣಾ ನಗರದ ಅವರ ಕಚೇರಿಗೆ ತಲುಪಿಸಬೇಕಿತ್ತು.

"ಇದೇನೇ ಇದು? ಯಾಕೆ ಹೋಗ್ತೀಯ? ನಾನೇನು ಮಾಡಿದೆ ಅಂತ ಬಾಯಿ ಬಿಟ್ಟು ಹೇಳೇ!" ಎಂದೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಪೋಗಣುಂ" ಎಂದಳು. ಹೋಗಬೇಕು. ಅಷ್ಟು ದಿನದಲ್ಲಿ ಆಡಿದ ಒಂದೇ ಮಾತು.

ಸಹಿ ಹಾಕದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಮುಖ ತಿರುಗಿಸಿಕೊಂಡೇ ಇದೇ ಮನೆಯಲ್ಲಿ ಎರಡು ವರ್ಷ ಇರುತ್ತಾಳೆ. ಸಹಿ ಹಾಕಿದರೆ ಹೋಗುತ್ತಾಳೆ. ಎರಡೂ ನರಕ. ಶುಕ್ರವಾರದೊಳಗೆ ಅವಳ ಬಾಯಿಂದ ಕಾರಣ ಹೊರಡಬೇಕು, ಇಲ್ಲದಿದ್ದರೆ ಅವಳು ನನ್ನ ಕೈ ಬಿಟ್ಟುಹೋದ ಹಾಗೆಯೇ.

ಬಾಟನ್ನು ಇದಕ್ಕೂ ಕೇಳಿದೆ, ಸುಳ್ಳೇಕೆ. "ಮಗಳು ಯಾಕೆ ಮಾತಾಡುತ್ತಿಲ್ಲ?" ಹದಿಹರೆಯದ ಮನಸ್ಸಿನ ಬಗ್ಗೆ ಉದ್ದಕ್ಕೆ ಪಾಠ ಒಪ್ಪಿಸಿ, ಕೊನೆಗೆ ಅವಳ ಆಸಕ್ತಿಗಳಲ್ಲಿ ಭಾಗವಹಿಸಿ ಎಂದಿತು. "ಅದಕ್ಕೇ ಅಲ್ವೇನಯ್ಯಾ ತಂಡ ಕೇಳ್ತಿರೋದು?" ಎಂದು ರೇಗಿದೆ.

ತಂಡದ ವಿಷಯದಲ್ಲಿ ಮಾತ್ರ ಅದು ಕೆಲಸ ಮಾಡಿತು ಅನ್ನಬೇಕು. ಹೊಡೆಯುವ ಪ್ರಾಣಿಗಳನ್ನು ಬಿಡಿ, ತಡೆಯುವವನ್ನು ಹಿಡಿಯಿರಿ ಎಂದಿತು. ಕಲ್ಲುಚಿಪ್ಪಿನ ಒಂದು ಮುದಿ ಆಮೆ. ಪೆಟ್ಟು ತಿಂದಾಗಲೆಲ್ಲ ನಿದ್ದೆ ಮಾಡಿ ಗಾಯ ಮಾಯಿಸಿಕೊಳ್ಳುವ ಒಂದು ಡೊಳ್ಳುಹೊಟ್ಟೆ. ಬೇರೆಯವರಿಗೆ ಔಷಧಿ ಹಂಚುವ ಹೂವು. ಇಂಥವೇ ಇನ್ನೆರಡು. ನಾನು ಊಟದ ಹೊತ್ತಿನಲ್ಲಿ ಕಚೇರಿಯ ಮೂಲೆಯ ಬೆಂಚಿನಲ್ಲಿ ಮೊಸರನ್ನ ಪಕ್ಕಕ್ಕಿಟ್ಟು ಇವನ್ನೆಲ್ಲ ಹಿಡಿದೆ, ತಿನ್ನಿಸಿದೆ, ಬಲ ಬರಿಸಿದೆ. ಆರನೆಯದು ಕೆಸರಿನಲ್ಲಿರುವ ಮೂರು ಬಾಲದ ಮೀನು, ಜೌಗಿನ ಪೂರ್ವದಲ್ಲಿ ಸಿಗುತ್ತದೆ ಎಂದಿತು. ಮೂರು ದಿನ ಹುಡುಕಿದೆ. ಜೌಗನ್ನು ಇಂಚಿಂಚು ಕಲಕಿದೆ. ಕೊನೆಗೆ ಸಂಶಯ ಬಂದು ಕೇಳಿದರೆ, ಕ್ಷಮಿಸಿ, ಈ ಆಟದಲ್ಲಿ ಅಂಥ ಪ್ರಾಣಿ ಇಲ್ಲ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಎಂದಿತು. "ಅರ್ಥವಾಗುತ್ತಂತೆ, ನಿನ್ನ ತಲೆ! ನನಗಿದ್ದದ್ದೇ ಎಂಟು ದಿನ, ಅದರಲ್ಲಿ ಮೂರು ನುಂಗಿದೆಯಲ್ಲೋ!" ಎಂದು ಬೆಂಚಿನ ಮೇಲೇ ಗಟ್ಟಿಯಾಗಿ ಅಂದುಬಿಟ್ಟೆ. ಪಕ್ಕದ ಮೇಜಿನಾಕೆ ಯಾವ ಗಿರಾಕಿ ಇಷ್ಟು ಕಾಡುತ್ತಿದ್ದಾನೆ ಎಂದು ಕೇಳಿದಳು.

ಐದರಲ್ಲೇ ಸುಧಾರಿಸಿದೆ. ಎರಡು ನಿಮಿಷ ನಿಂತೆ. ಮಾರನೆಯ ಸಂಜೆ ನಾಲ್ಕು. ಮಂಗಳವಾರ ಹನ್ನೊಂದು ನಿಮಿಷ! ಮಣಲಿಯ ತೈಲ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿ ಮನೆಯೆಲ್ಲ ಗ್ಯಾಸ್ ವಾಸನೆ, ಕಿಟಕಿ ಮುಚ್ಚಿ ಬೆವರುತ್ತಾ ಹಾಲಿನಲ್ಲಿ ಕೂತಿದ್ದೆ. ಅವಳು ಕೋಣೆಯಲ್ಲಿ. ಡೊಳ್ಳುಹೊಟ್ಟೆ ನಾಲ್ಕನೇ ಸಲ ಮಲಗಿದಾಗ ಗೋಡೆಯಾಚೆಯಿಂದ ಒಂದು ಸಣ್ಣ ನಗು ಕೇಳಿಸಿತು. ತಡೆದುಕೊಳ್ಳಲಾಗದೆ ಮೂಗಿನಿಂದ ಬಂದ ನಗು. ಹಾಗೇ ಗೋಡೆಗೆ ಕೆನ್ನೆ ಒತ್ತಿ ಕೂತೆ. ನಾಚಿಕೆಗೇಡು ಅನ್ನಿ, ನನಗೇನೂ ಅನ್ನಿಸಲಿಲ್ಲ.

ಆ ದೀರ್ಘ ಪಂದ್ಯದಲ್ಲೇ ಅವಳ ತಂಡವನ್ನು ಸರಿಯಾಗಿ ನೋಡಿದ್ದು. ಐದು ಮಹಾ ಬಲಿಷ್ಠ. ಆರನೆಯದು ಕಿವಿ ಜೋಲು ಬಿದ್ದ ಪುಟ್ಟ ಮರಿ, ಬಲವೇ ಇಲ್ಲ. ಅದು ಅವಳಿಗೆ ಆಟದಲ್ಲಿ ಮೊಟ್ಟಮೊದಲು ಸಿಕ್ಕಿದ ಪ್ರಾಣಿ. ಹಿಂದಿನ ವರ್ಷ ನನಗೆ ತೋರಿಸಿದ್ದಳು. ಅದನ್ನು ಕಣಕ್ಕೆ ಇಳಿಸುತ್ತಲೇ ಇರಲಿಲ್ಲ, ಆದರೆ ತೆಗೆದೂ ಹಾಕಿರಲಿಲ್ಲ. ಪ್ರಾಣಿಗಳಿಗೆ ನಮಗೆ ಬೇಕಾದ ಹೆಸರಿಡಬಹುದು. ಆ ಮರಿಯ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಪೋದುಂ ಎಂದು ಬರೆದಿತ್ತು. ತಮಿಳಿನಲ್ಲಿ ಪೋದುಂ ಅಂದರೆ ಸಾಕು. ನಿನ್ನ ಕಾಟ ಸಾಕು, ನಿಲ್ಲಿಸು ಎಂದು ನನಗೇ ಹೇಳುತ್ತಿದ್ದಾಳೆ ಅಂದುಕೊಂಡೆ. ಬುಧವಾರ ಪಂದ್ಯಕ್ಕೆ ಕರೆಯಲಿಲ್ಲ. ಗೋಡೆಯ ಆಚೆಗೂ ಈಚೆಗೂ ಎರಡು ಫೋನು ಸುಮ್ಮನಿದ್ದವು.

ಗುರುವಾರ ಕಚೇರಿಯಿಂದ ಹೊರಟಾಗ ಉಳಿದಿದ್ದು ಒಂದೇ ಸಂಜೆ. ಬೈದುಕೊಳ್ಳಲಿ, ಇನ್ನೊಂದು ಸಲ ಕರೆಯೋಣ ಅನ್ನಿಸಿತು. ಮೆಟ್ರೊ ಹತ್ತಿ ಫೋನು ತೆಗೆದರೆ ಬಾಟಿನ ಹಳೆಯ ಪುಟ ತುಂಬಿ ಹೋಗಿ ತೆರೆಯಲೊಲ್ಲದು. ಹೊಸ ಪುಟದಲ್ಲಿ ಅವಸರವಾಗಿ ಕುಟ್ಟಿದೆ: "ನನಗೆ ಹೊತ್ತಿಲ್ಲ. ಆರು ಬೇಡ, ಮೂರು ಪ್ರಾಣಿ ಸಾಕು. ಯಾವುದು ಹೇಳು."

ಹೊಸ ಪುಟಕ್ಕೆ ಹಳೆಯ ಕಥೆ ಗೊತ್ತಿಲ್ಲ. ಉತ್ತರ ಬಂತು: "ನಿಮಗೆ ಸಮಯ ಕಡಿಮೆ ಇರುವುದರಿಂದ ಮನೆಯಲ್ಲಿ ಸಾಕಲು ಸುಲಭವಾದ ಮೂರು ಪ್ರಾಣಿಗಳು: ಬಣ್ಣದ ಮೀನು, ಮೊಲ, ಲವ್ ಬರ್ಡ್ಸ್. ಮೊಲಕ್ಕೆ ದಿನವೂ ಹಸಿ ಹುಲ್ಲು ಬೇಕು."

ನಗು ಬಂತು. ಜನರ ನಡುವೆ ನಿಂತು ಕಿಸಕ್ಕನೆ ನಕ್ಕೆ. ಅಯ್ಯೋ ಮಂಕೇ, ಸಾಕು ಅಂದರೆ ಅಷ್ಟಿದ್ದರೆ ಸಾಲುತ್ತದೆ ಅಂತ, ಮೊಲ ಸಾಕುತ್ತೇನೆ ಅಂತಲ್ಲ ಎಂದು ಬರೆಯಲು ಹೊರಟೆ. ಅರ್ಧ ಬರೆದು ಕೈ ನಿಂತಿತು.

ಸಾಕು, ಸಾಕಮ್ಮ. ತಟ್ಟೆಗೆ ಅಡ್ಡ ಹಿಡಿದ ಕೈ. ಇವಳು ಯಾರೇ? ನನ್ನ ಸಾಕು ಮಗಳು.

ಸೆಂಟ್ರಲ್‌ನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಎಸ್ಕಲೇಟರಿನ ಬುಡದಲ್ಲಿ ನಿಂತುಬಿಟ್ಟೆ. ಜನ ಗೊಣಗುತ್ತಾ ದಾಟಿಹೋದರು. ಬಾಟ್ ಒಂದು ಕಡೆಯಿಂದ ತಪ್ಪು ಓದಿತ್ತು, ನನ್ನ ಮಗು ಇನ್ನೊಂದು ಕಡೆಯಿಂದ. ನಮ್ಮ ಮನೆಯಲ್ಲಿ ನಾಯಿಯಿಲ್ಲ, ಬೆಕ್ಕಿಲ್ಲ, ಒಂದು ಗಿಳಿಯೂ ಇಲ್ಲ. ಸಾಕುವುದು ಎಂಬ ಮಾತನ್ನು ಅವಳು ಎಲ್ಲಿ ಕೇಳಬೇಕು? ಅವಳು ಕೇಳಿದ ಸಾಕು ಒಂದೇ. ಬಡಿಸುವಾಗ ಕೈ ಅಡ್ಡ ಹಿಡಿಯುವ ಸಾಕು, ಟಿವಿ ಆರಿಸು ಸಾಕು, ಹಟ ಮಾಡಿದ್ದು ಸಾಕು. ಹದಿನೈದು ವರ್ಷದ ಹುಡುಗಿ ಸೌಟು ಹಿಡಿದು ನಿಂತಿದ್ದಾಗ ನಾನು ಮುದುಕಿಗೆ ಹೇಳಿದ್ದು ಅವಳ ಕಿವಿಯಲ್ಲಿ ಏನಾಗಿತ್ತು? ಇವಳು ನನಗೆ ಸಾಕಾದ ಮಗಳು. ಪೋದುಂ. ಆ ಹೆಸರು ನನಗೆ ಹೇಳಿದ್ದಲ್ಲ. ತಾನೇ ಅದು. ನಾನಿಟ್ಟ ಹೆಸರನ್ನು ತಮಿಳಿಗೆ ತಿರುಗಿಸಿ ಆ ಜೋಲುಕಿವಿಯ ಮರಿಗೆ ಇಟ್ಟುಕೊಂಡಿದ್ದಾಳೆ.

ಆಮೇಲೆ ಗಾಡಿ ಹೇಗೆ ಹತ್ತಿದೆನೋ, ತಿರುವೊಟ್ಟಿಯೂರಿನಲ್ಲಿ ಹೇಗೆ ಇಳಿದೆನೋ. ನಿಲ್ದಾಣದಿಂದ ಮನೆಗೆ ಆಟೊ ಕಾಯದೆ ಓಡಿದೆ, ಈ ಮಂಡಿನೋವು ಇಟ್ಟುಕೊಂಡು. ಇನ್ನೂ ಬಿಸಿಲು ಇಳಿದಿರಲಿಲ್ಲ. ಚಪ್ಪಲಿಯನ್ನೂ ಬಿಡದೆ ಅವಳ ಬಾಗಿಲು ಬಡಿದೆ.

"ಬಾಗಿಲು ತೆಗೀಬೇಡ, ಪರವಾಗಿಲ್ಲ. ಕಿವಿಯಿಂದ ಅದನ್ನ ತೆಗಿ. ಒಂದು ಮಾತು ಕೇಳು" ಎಂದೆ. ಒಳಗೆ ಕುರ್ಚಿ ಕಿರುಗುಟ್ಟಿತು.

ಆಗ ನಾನು ಅಪ್ಪನ ಕಟ್ಟಳೆ ಮುರಿದೆ. ಹೊಸ್ತಿಲ ಒಳಗೆ, ಅಕ್ಕನ ಫೋಟೊದ ಕೆಳಗೆ ನಿಂತು, ಮೊದಲ ಸಲ ಅವಳೊಡನೆ ತಮಿಳಿನಲ್ಲಿ ಆಡಿದೆ. ಸಾಕು ಅಂದರೆ ಪೋದುಂ ಒಂದೇ ಅಲ್ಲಮ್ಮ. ಕನ್ನಡದಲ್ಲಿ ಇನ್ನೊಂದು ಸಾಕು ಇದೆ. ಎತ್ತಿ ಆಡಿಸಿ ಉಣಿಸಿ ದೊಡ್ಡದು ಮಾಡುವುದಕ್ಕೂ ಅದೇ ಮಾತು. ಅವತ್ತು ನಾನು ಹೇಳಿದ್ದು 'ವಳರ್ತ್ತ ಪೊಣ್ಣು' ಅಂತ. ನಾನು ಬೆಳೆಸಿದ ಹುಡುಗಿ ಅಂತ. ನನ್ನ ಆಣೆ. ಬೇಕಾದರೆ ಯಾರನ್ನಾದರೂ ಕೇಳು. ನೀನು ನನಗೆ ಸಾಕಾಗುವುದುಂಟೇನೇ? ಇಷ್ಟು ಹೇಳಿ ಬಾಗಿಲಿಗೆ ಹಣೆ ಇಟ್ಟು ನಿಂತೆ.

ಆಮೇಲೆ ಅವಳ ದನಿ ಬಂತು, ಅತ್ತು ಕಟ್ಟಿದ ದನಿ. "ಅಪ್ಪೋ ಪೊಣ್ಣುನ್ನು ಮಟ್ಟುಂ ಸೊಲ್ಲಿರ್ಕಲಾಮೇ?"

ಹಾಗಿದ್ದರೆ ಬರೀ ಮಗಳು ಅನ್ನಬಹುದಿತ್ತಲ್ಲ?

ಉತ್ತರ ಇತ್ತು, ಹೇಳಲು ನಾಚಿಕೆ. ಮದುವೆಯಾಗದ ಹೆಣ್ಣು 'ನನ್ನ ಮಗಳು' ಅಂದರೆ ಆ ಮುದುಕಿಯ ಹುಬ್ಬು ಎಲ್ಲಿಗೆ ಏರೀತು ಎಂದು ಅಂಜಿದ್ದೆ. ಒಬ್ಬ ಮುದುಕಿಯ ಹುಬ್ಬಿಗೆ ಹೆದರಿ, ಸೌಟು ಹಿಡಿದು ಎದುರಿಗೇ ನಿಂತಿದ್ದ ಮಗುವಿನ ಹೆಸರಿಗೆ ಒಂದು ಬಾಲ ಅಂಟಿಸಿದ್ದೆ. ತಪ್ಪು ಕೇಳಿಸಿಕೊಂಡದ್ದು ಅವಳು ನಿಜ, ಆದರೆ ಪೂರಾ ತಪ್ಪಾಗಿಯೇನೂ ಕೇಳಿಸಿಕೊಂಡಿರಲಿಲ್ಲ. "ಬಯಂದುಟ್ಟೇನ್" ಎಂದೆ. ಹೆದರಿಬಿಟ್ಟೆ. "ತಪ್ಪಾಯ್ತು ಕಂದಾ."

ಫ್ರಿಜ್ಜಿನ ಹತ್ತಿರ ಹೋಗಿ ಫಾರಂ ತೆಗೆದೆ. ಸಂಬಂಧ ಎಂಬ ಚೌಕದಲ್ಲಿ ತಾಯಿ ಎಂದು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ಇಷ್ಟು ವರ್ಷ ಶಾಲೆಯ ಕಾಗದದಲ್ಲೆಲ್ಲ ಪೋಷಕಿ ಎಂದೇ ಬರೆಯುತ್ತಿದ್ದೆ, ಅದೂ ಆಗ ನೆನಪಾಯಿತು. ಸಹಿ ಹಾಕಿದೆ. ಬಾಗಿಲ ಸಂದಿಯಿಂದ ಒಳಕ್ಕೆ ತಳ್ಳಿದೆ. "ಹೋಗೋದಾದ್ರೆ ಹೋಗು. ತಡೆಯಲ್ಲ. ಇದನ್ನ ಇಟ್ಕೊಂಡು ಹೋಗು" ಎಂದೆ, ಕನ್ನಡದಲ್ಲಿ. ಕಾಗದವನ್ನು ಸರ್ರನೆ ಒಳಗೆ ಎಳೆದುಕೊಂಡಳು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

ನನ್ನ ಫೋನು ಟಿಣ್ ಎಂದಿತು. ಕತ್ತಿಯ ಗುರುತು. ಅವಳೇ ಕರೆದಿದ್ದಳು.

ಒತ್ತಿದೆ. ನನ್ನ ಕಡೆಯಿಂದ ಮುದಿ ಆಮೆ ಇಳಿಯಿತು. ಅವಳ ಕಡೆಯಿಂದ ಮೊದಲೇ ಇಳಿದದ್ದು ಆ ಜೋಲುಕಿವಿಯ ಮರಿ. ಹೆಸರು ಇನ್ನೂ ಪೋದುಂ ಎಂದೇ ಇತ್ತು. ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಅದರ ಬಲ ಎಷ್ಟು ಕಡಿಮೆಯೆಂದರೆ ನನ್ನ ಆಮೆಯ ಒಂದೇ ಏಟಿಗೆ ಮಲಗಬೇಕು. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಗೆಲ್ಲುವ ಅವಕಾಶ. ಹೆಬ್ಬೆರಳು ಎತ್ತಿದೆ, ಇಳಿಸಲಿಲ್ಲ. ಕಾಪಾಡು ಎಂಬ ಗುಂಡಿ ಒತ್ತಿದೆ. ಮರಿ ಬಂದು ಆಮೆಯ ಚಿಪ್ಪಿಗೆ ಒಂದು ಗುದ್ದು ಗುದ್ದಿತು, ಏನೂ ಆಗಲಿಲ್ಲ. ಮತ್ತೆ ಕಾಪಾಡು. ಮತ್ತೆ ಗುದ್ದು. ಮತ್ತೆ ಕಾಪಾಡು.

"ಅಡಿಮ್ಮಾ!" ಎಂದಳು ಒಳಗಿನಿಂದ. ಹೊಡಿಯಮ್ಮಾ.

ಹೊಡೆಯಲು ನನಗೆ ಎಲ್ಲಿ ಕಾಣುತ್ತಿತ್ತು? ಕಣ್ಣೆಲ್ಲ ಮಂಜು. ಅಮ್ಮಾ ಅಂದದ್ದನ್ನು ಇನ್ನೊಂದು ಸಲ ಕೇಳಬೇಕೆಂದು ಮತ್ತೆ ಕಾಪಾಡು ಒತ್ತಿದೆ. "ಅಯ್ಯೋ, ಅಡಿಮ್ಮಾ!" ಎಂದು ರೇಗಿದಳು. ಆ ಪಂದ್ಯ ಎಷ್ಟು ನಿಮಿಷ ನಡೆಯಿತೋ, ಗಡಿಯಾರ ನೋಡಲಿಲ್ಲ. ಕೊನೆಗೆ ಆಟವೇ ಸಮಯ ಮುಗಿಯಿತು ಎಂದು ಇಬ್ಬರನ್ನೂ ಹೊರಗೆ ಹಾಕಿತು.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಫಾರಂ ಫ್ರಿಜ್ಜಿನ ಮೇಲೆ ವಾಪಸ್ಸು ಬಂದಿತ್ತು, ಅದೇ ಅಯಸ್ಕಾಂತದ ಕೆಳಗೆ. ತಾನೇ ತೆಗೆದುಕೊಂಡು ಹೋಗಿ ಕೊಡುತ್ತಾಳೋ, ನನ್ನ ಕೈಲೇ ಕಳಿಸಲಿ ಎಂದು ಇಟ್ಟಿದ್ದಾಳೋ ತಿಳಿಯಲಿಲ್ಲ. ಅವಳು ಇನ್ನೂ ಮಲಗಿದ್ದಳು. ಎಬ್ಬಿಸಿ ಕೇಳುವ ಧೈರ್ಯ ನನಗಿಲ್ಲ. ನಾನು ಅದನ್ನು ಮುಟ್ಟದೆ ಡಬ್ಬಿ ಕಟ್ಟಿಕೊಂಡು ಹೊರಟೆ. ಆ ದಿನ ಕಚೇರಿಯಲ್ಲಿ ಏನು ಕೆಲಸ ಮಾಡಿದೆನೋ ದೇವರೇ ಬಲ್ಲ. ಆ ಶಾಲೆಯ ಕಚೇರಿ ನಮ್ಮದರಿಂದ ನಾಲ್ಕೇ ಬೀದಿ ಆಚೆಗೆ. ಐದು ಗಂಟೆಯವರೆಗೂ ಕಿಟಕಿಯಿಂದ ರಸ್ತೆ ನೋಡಿದೆ, ಅವಳೇನಾದರೂ ಬರುತ್ತಾಳೇನೋ ಎಂದು.

ಸಂಜೆ ಬಾಗಿಲು ತೆರೆದಾಗ ಫಾರಂ ಅಲ್ಲೇ ಇತ್ತು. ಅವಳು ಹಾಲಿನಲ್ಲಿ ಕಾಲು ಚಾಚಿ ಕೂತು ಫೋನಿನಲ್ಲಿ ಮುಳುಗಿದ್ದಳು. ತಿಂದ ತಟ್ಟೆ ತೊಳೆಯದೆ ಪಕ್ಕದಲ್ಲೇ ಬಿದ್ದಿತ್ತು.